ಪಾಚಿಗೆ ಗಂಡು ತಂದ ಮೇಷ್ಟ್ರು

ಮೊನ್ನೆ ಸೊಸೆ ನರ್ಸರಿಯಿಂದ ಒಂದು ಗುಲಾಬಿ ಕಸಿ ತಂದಳು. ಬುಡಕ್ಕೆ ಒದ್ದೆ ಪಾಚಿ ಸುತ್ತಿ, ಅದರ ಮೇಲೆ ಬಾಳೆನಾರು ಬಿಗಿದಿದ್ದರು. ಕಟ್ಟು ಬಿಚ್ಚುವ ಘನಕಾರ್ಯವನ್ನು, ಮನೆಯಲ್ಲಿ ಬೇರೆ ಉದ್ಯೋಗವಿಲ್ಲದ ಹಿರಿಯನೆಂಬ ಕಾರಣಕ್ಕೆ, ನನಗೆ ವಹಿಸಲಾಯಿತು. ನಾರು ಕತ್ತರಿಸಿದ್ದೇ ತಡ, ಆ ವಾಸನೆ ಮೂಗಿಗೆ ಬಂತು. ಹಳೆಯ ಬಾವಿಯೊಳಕ್ಕೆ ಬಗ್ಗಿದಾಗ ಮುಖಕ್ಕೆ ತಾಗುತ್ತದಲ್ಲ, ಆ ತಣ್ಣನೆಯ ಉಸಿರಿನಂಥ ವಾಸನೆ. ಮಳೆ ನಿಂತ ಮೇಲೆ ಮರದ ಬುಡದಲ್ಲಿ ಮೊಣಕಾಲೂರಿ ಕೂತವನಿಗೆ ಅದರ ಗುರುತು ಹತ್ತುತ್ತದೆ. ನಾನಾಗಿಯೇ ಜೀವಮಾನದಲ್ಲಿ ಯಾವ ಮರದ ಬುಡದಲ್ಲೂ ಮೊಣಕಾಲೂರಿದವನಲ್ಲ. ಊರಿಸಿದವರು ಒಬ್ಬರಿದ್ದರು...

ಯುದ್ಧದ ಕಾಲ. ದೊಡ್ಡಬಳ್ಳಾಪುರದ ಹೈಸ್ಕೂಲಿಗೆ ನಾನು ಲೆಕ್ಕದ ಮೇಷ್ಟ್ರಾಗಿ ಹೊಸದಾಗಿ ಸೇರಿದ್ದೆ. ಮದುವೆಯಾಗಿರಲಿಲ್ಲ. ನೇಕಾರರ ಬೀದಿಯ ಹಿಂದಿನ ವಠಾರದಲ್ಲಿ ಒಂದು ಕೋಣೆ ಹಿಡಿದಿದ್ದೆ. ಪಕ್ಕದ ಮನೆಯಲ್ಲಿ ನಮ್ಮ ಶಾಲೆಯ ಸೈನ್ಸ್ ಮೇಷ್ಟ್ರೂ ಅವರ ಹೆಂಡತಿಯೂ ಇದ್ದರು. ಮೇಷ್ಟ್ರು ನನಗಿಂತ ಸಾಕಷ್ಟು ದೊಡ್ಡವರು, ಆದರೆ ವಯಸ್ಸಿಗೆ ತಕ್ಕಂತೆ ಒಂದು ಕಡೆ ಕೂರುವ ಅಭ್ಯಾಸ ಅವರಿಗೆ ಅಂಟಿರಲಿಲ್ಲ. ಸ್ಟಾಫ್ ರೂಮಿನಲ್ಲಿ ನಮ್ಮೆಲ್ಲರ ಬೆತ್ತದ ಕುರ್ಚಿಗಳೂ ನಮ್ಮ ನಮ್ಮ ಆಕಾರಕ್ಕೆ ಕುಳಿ ಬಿದ್ದಿದ್ದವು. ಅವರದು ಮಾತ್ರ ಹಸೆಮಣೆಗೆ ಕಾದ ಮದುಮಗಳ ಹಾಗೆ ನೆಟ್ಟಗೆ, ಹೊಸದಾಗಿ ನಿಂತಿತ್ತು. ಊಟಕ್ಕೆ ಕೂತರೆ ಸಾರು ಬರುವ ಮೊದಲೇ ಮಜ್ಜಿಗೆ ಕೇಳುತ್ತಿದ್ದರು. ಅವರ ಹೆಂಡತಿ ವಠಾರದ ಹೆಂಗಸರ ಮುಂದೆ ಹೇಳುತ್ತಿದ್ದರು: "ಇವರ ಕಾಲಿಗೆ ಚಕ್ರ ಇದೆ ಕಣ್ರೀ. ತಾಳಿ ಕಟ್ಟಿ ಎದ್ದೇಬಿಟ್ರು. ಗಂಟು ಬಿದ್ದಿದೆಯೋ ಇಲ್ವೋ ಅಂತ ನಮ್ಮಮ್ಮ ಆಮೇಲೆ ಬಂದು ಎಳೆದು ನೋಡಿದ್ರು."

ಊರಿನ ಮೇಲೆ ಅವರಿಗೆ ದ್ವೇಷವೇನೂ ಇರಲಿಲ್ಲ. ಪ್ಲಾಟ್‌ಫಾರಮನ್ನು ಯಾರು ದ್ವೇಷಿಸುತ್ತಾರೆ? ರೈಲು ಬರುವವರೆಗೆ ನಿಲ್ಲುವುದಕ್ಕೆ ಒಂದು ಜಾಗ ಬೇಕಲ್ಲ, ಹಾಗೆ ದೊಡ್ಡಬಳ್ಳಾಪುರ. ಅವರ ರೈಲು ಬೆಂಗಳೂರಿನ ಒಂದು ಕಾಲೇಜು. ಅಲ್ಲಿ ಸಸ್ಯಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಬೇಕು, ಸೂಕ್ಷ್ಮದರ್ಶಕದ ಮುಂದೆ ದಿನವಿಡೀ ಇರಬೇಕು. ಹೈಸ್ಕೂಲಿನಲ್ಲಿ ಕಪ್ಪೆಯ ಚಿತ್ರ ಬರೆಸಿ ಬರೆಸಿ ತಾನೇ ಕಪ್ಪೆಯಾಗುವ ಮೊದಲು ಇಲ್ಲಿಂದ ನೆಗೆಯಬೇಕು. ಹೆಂಡತಿಗೆ ಮಾತ್ರ ಊರು ಹಿಡಿಸಿಬಿಟ್ಟಿತ್ತು. ಮಗ್ಗದ ಸದ್ದಿಲ್ಲದಿದ್ದರೆ ಆಕೆಗೆ ನಿದ್ದೆ ಬರುತ್ತಿರಲಿಲ್ಲ.

ತೂಬಗೆರೆಗೆ ಹೋಗುವ ದಾರಿಯಲ್ಲಿ ಆಗ ಒಂದು ಗುಂಡುತೋಪಿತ್ತು. ಮಾವು, ಹೊಂಗೆ, ಹುಣಿಸೆ, ನಡುವೆ ಒಂದು ಮುದಿ ನೇರಳೆ. ಯಾವ ಪುಣ್ಯಾತ್ಮರು ನೆಟ್ಟಿದ್ದರೋ, ಒಳಗೆ ಹೋದರೆ ಮಧ್ಯಾಹ್ನದಲ್ಲೂ ಅರೆಗತ್ತಲು. ಪಕ್ಕದ ಕಾಲುವೆಯ ಜಿನುಗಿನಿಂದ ನೆಲ ಸದಾ ತಂಪು. ಒಂದು ಭಾನುವಾರ "ಸುಮ್ಮನೆ ಒಂದು ಸುತ್ತು ಬರೋಣ ಬನ್ನಿ" ಎಂದು ನನ್ನನ್ನು ಎಬ್ಬಿಸಿಕೊಂಡು ಹೋದವರು, ಆ ನೇರಳೆಯ ಹತ್ತಿರ ಬಂದದ್ದೇ ದೊಪ್ಪನೆ ಬೋರಲು ಬಿದ್ದರು. ನಾನು ಎರಡು ಹೆಜ್ಜೆ ಹಿಂದಕ್ಕೆ ನೆಗೆದೆ.

"ಹಾವಾ ಮೇಷ್ಟ್ರೇ?"

"ಶ್... ಬನ್ನಿ ಇಲ್ಲಿ. ಬಗ್ಗಿ. ಇನ್ನೂ ಬಗ್ರೀ! ಪಂಚೆ ಕೊಳೆಯಾದ್ರೆ ಒಗೀಬೋದು."

ಬಗ್ಗಿದೆ. ಬೇರಿನ ಬಡಗಣ ಮಗ್ಗುಲಿಗೆ ಅಂಗೈಯಗಲದ ಹಸುರು ಮೆತ್ತೆಗಳು ಅಂಟಿಕೊಂಡಿದ್ದವು. ನಮ್ಮ ಕಡೆ ಅದಕ್ಕೆ ಪಾಚಿ ಎನ್ನುವುದು, ಜಾರಿ ಬಿದ್ದಾಗ ಬೈಯುವುದು, ಅಷ್ಟರಲ್ಲಿ ಅದರ ಶಾಸ್ತ್ರ ಮುಗಿಯುತ್ತದೆ. ಮೇಷ್ಟ್ರು ನನ್ನ ಕೈಗೆ ಭೂತಗನ್ನಡಿ ಕೊಟ್ಟರು. ಮೆತ್ತೆಯೊಳಗೆ ಒಂದೊಂದೂ ಬೇರೆ ಬೇರೆ ಗಿಡ. ಈಚಲ ಮರವನ್ನು ಯಾರೋ ಸಾಸಿವೆಯಷ್ಟಕ್ಕೆ ಇಳಿಸಿ ಒತ್ತೊತ್ತಾಗಿ ನೆಟ್ಟ ಹಾಗಿತ್ತು.

"ಇದಕ್ಕೆ ಬೇರಿಲ್ಲ ರೀ. ಇರೋದು ಬರೀ ಹಿಡ್ಕೊಳ್ಳೋ ನೂಲು. ಮರದಿಂದ ಒಂದು ತೊಟ್ಟು ಕದಿಯಲ್ಲ. ಎಲೆ ನೋಡಿ, ಒಂದೇ ಪದರ. ಆ ಎಲೇಲೇ ನೀರು ಕುಡಿಯುತ್ತೆ. ಮರದಿಂದ ಇದು ಕೇಳೋದು ನೆರಳು ಮಾತ್ರ."

ನಾನು ಹಸುರಿಗಿಂತ ಹೆಚ್ಚಾಗಿ ಅವರನ್ನೇ ನೋಡುತ್ತಿದ್ದೆ. ಆ ಮನುಷ್ಯ ಅಲುಗದೆ ಇದ್ದದ್ದನ್ನು ಕಂಡದ್ದು ಅದೇ ಮೊದಲು. ಜಗತ್ತಿನ ಅತಿ ಚಡಪಡಿಕೆಯ ಪ್ರಾಣಿ ಜಗತ್ತಿನ ಅತಿ ನಿಧಾನದ ಗಿಡದ ಮುಂದೆ ಸಾಷ್ಟಾಂಗ ಬಿದ್ದಿತ್ತು.

ಆ ಪಾಚಿಯ ಪ್ರಭಾವವನ್ನು ಅವರು ಶಾಲೆಯಲ್ಲೂ ಸಾರಿದರು. ಬೇಸಿಗೆಯಿಂದ ಜೇಬಿನಲ್ಲಿಟ್ಟುಕೊಂಡಿದ್ದ, ನಶ್ಯದ ಹಾಗೆ ಮುದುರಿಹೋಗಿದ್ದ ಒಂದು ತುಣುಕನ್ನು ಹೆಡ್‌ಮಾಸ್ಟರ ಕಾಫಿ ಬಸಿಯಲ್ಲಿ ಹಾಕಿ ನೀರು ಬಿಟ್ಟರು. ನಾವು ನೋಡುನೋಡುತ್ತಿದ್ದ ಹಾಗೆಯೇ ಎಲೆಗಳೆಲ್ಲ ಕೈಕಾಲು ಚಾಚಿ ಹಸುರಾದವು.

"ಸಾರ್, ತಿಂಗಳುಗಟ್ಟಲೆ ಸತ್ತ ಹಾಗೆ ಇತ್ತು. ನೀರು ಕಂಡಿದ್ದೇ ಎದ್ಬಿಡ್ತು!"

ಹೆಡ್‌ಮಾಸ್ಟರು ತಮ್ಮ ಬಸಿಯ ಅವಸ್ಥೆಯನ್ನು ನೋಡಿ ನಿಟ್ಟುಸಿರು ಬಿಟ್ಟರು. "ಸತ್ತ ಹಾಗಿದ್ದು ಕಾಫಿ ಬಂದಾಗ ಏಳೋ ವಿದ್ಯೆ ನಮ್ಮ ಸ್ಟಾಫಿಗೆ ಹೊಸದಲ್ಲ ಮೇಷ್ಟ್ರೇ."

ಈ ಭಕ್ತಿಗೆ ಕಾರಣವಿತ್ತು. ಬೆಂಗಳೂರಿನ ಆ ಕಾಲೇಜಿನ ಪ್ರೊಫೆಸರರಿಗೆ ಮೇಷ್ಟ್ರು ಒಮ್ಮೆ ಈ ಹಸುರನ್ನು ಕೊಂಡೊಯ್ದು ತೋರಿಸಿದ್ದರು. ಪ್ರೊಫೆಸರು ನೋಡಿ, ಇದು ಬೆಟ್ಟದ ಕಾಡುಗಳ ಜಾತಿ, ಬಯಲಿನಲ್ಲಿ ಅಪ್ಪಿತಪ್ಪಿ ಬದುಕಿರಬಹುದು, ಆದರೆ ಕಾಯಿ ಕಟ್ಟಲಾರದು ಎಂದರಂತೆ. ಕಾಯಿಯ ಬಾಯಿಯ ಸುತ್ತ ಹಲ್ಲುಗಳ ಸಾಲಿರುತ್ತದೆ, ಗಾಳಿ ಒಣಗಿದಾಗ ತೆರೆದು ತೇವವಾದಾಗ ಮುಚ್ಚುತ್ತದೆ, ಆ ಹಲ್ಲು ಕಾಣದೆ ಜಾತಿ ಖಚಿತವಾಗದು. "ಆ ತೋಪಿನದೇ ಬಲಿತ ಕಾಯಿ ತೋರಿಸಿ, ನಿಮಗೆ ನಮ್ಮಲ್ಲಿ ಒಂದು ಜಾಗ ಮಾಡೋಣ." ಇಷ್ಟು ಸಾಕಾಯಿತು. ಅಂದಿನಿಂದ ಮೇಷ್ಟ್ರ ರೈಲು ಆ ನೇರಳೆಯ ಬುಡದಿಂದಲೇ ಹೊರಡಬೇಕಾಯಿತು.

ಕಾಯಿ ಏಕೆ ಕಟ್ಟದು ಎಂಬುದನ್ನು ಅವರು ಆಗಲೇ ಕಂಡುಕೊಂಡಿದ್ದರು. ಒಂದು ಸಂಜೆ ವಠಾರದ ಜಗಲಿಯ ಮೇಲೆ ಆ ಕಡೆಯಿಂದ ಈ ಕಡೆಗೆ ಓಡಾಡುತ್ತ ನನಗೆ ವಿವರಿಸಿದರು.

"ತೋಪಲ್ಲಿ ಇರೋದೆಲ್ಲ ಹೆಣ್ಣೇ ರೀ. ಈ ಜಾತೀಲಿ ಗಂಡುಗಿಡ ಬೇರೆ, ಹೆಣ್ಣುಗಿಡ ಬೇರೆ. ಗಂಡಿನ ತುದೀಲಿ ಪುಟ್ಟ ಬಟ್ಟಲಿರುತ್ತೆ. ಮಳೆಹನಿ ಬಿದ್ರೆ ಸಿಡಿಯುತ್ತೆ. ಆ ನೀರಲ್ಲಿ ಈಜ್ಕೊಂಡು ಗಂಡಿನ ಕಣ ಹೆಣ್ಣಿನ ಹತ್ರ ಹೋಗ್ಬೇಕು. ಗೇಣು ದೂರ ಅಂದ್ರೆ ಅದಕ್ಕೆ ಸಮುದ್ರ."

"ಮತ್ತೆ ಇಷ್ಟು ವರ್ಷ ಬದುಕಿದ್ದು ಹ್ಯಾಗೆ?"

"ಬದುಕೋಕೇನು! ಮುರಿದು ಬಿದ್ದ ತುಣುಕೇ ಇನ್ನೊಂದು ಗಿಡ ಆಗುತ್ತೆ. ಇದ್ದಲ್ಲೇ ಹರಡ್ಕೊಂಡು ಇದ್ದಲ್ಲೇ ಇರುತ್ತೆ. ಕಾಯಿ ಒಡೆದು ಪುಡಿ ಗಾಳೀಲಿ ಹಾರಿದ್ರೆ ತಾನೆ ಬೇರೆ ಊರು ನೋಡೋದು?" ಎಂದು ನಿಂತರು. ಒಳಗೆ ಹೆಂಡತಿ ಅಕ್ಕಿ ಆರಿಸುತ್ತಿದ್ದ ಸದ್ದು ಕೇಳುತ್ತಿತ್ತು. "ಬೇರೆ ಊರು..." ಎಂದು ಇನ್ನೊಮ್ಮೆ ಅಂದು, ಮತ್ತೆ ಓಡಾಟಕ್ಕೆ ಶುರುವಿಟ್ಟರು.

ಮುಂಗಾರು ಶುರುವಾಗುತ್ತಲೇ ಮೇಷ್ಟ್ರು ಗಂಡು ಹುಡುಕಿಕೊಂಡು ನಂದಿಬೆಟ್ಟಕ್ಕೆ ಹೊರಟರು. ಸೈಕಲ್ಲಿನ ಹಿಂದೆ ಹೆಂಡತಿಯ ಟಿಫಿನ್ ಕ್ಯಾರಿಯರ್ ಕಟ್ಟಿಕೊಂಡಿದ್ದರು. ಬೆಟ್ಟದ ಮೇಲಿನ ಕಾಡಿನಲ್ಲಿ ಮಂಜಿನೊಳಗೆ ತೆವಳಿ, ಮಾರನೆಯ ದಿನ ಬಂದಾಗ ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿ ವರಮಹಾಶಯ ಹಸಿಮಣ್ಣಿನ ಸಮೇತ ಆಸೀನನಾಗಿದ್ದ. ತುದಿಯಲ್ಲಿ ಕೆಂಪು ಅಂಚಿನ ಬಟ್ಟಲು, ಥೇಟು ಪೇಟ. ಸ್ಟಾಫ್ ರೂಮಿನಲ್ಲಿ ವರಪರೀಕ್ಷೆ ನಡೆಯಿತು. ನಮ್ಮ ಕನ್ನಡ ಪಂಡಿತರು ಕನ್ನಡಕ ಒರೆಸಿಕೊಂಡು ಗಂಭೀರವಾಗಿ ಕೇಳಿದರು:

"ಗಂಡಿನ ಗೋತ್ರ?"

"ನಂದಿ ಅನ್ಕೊಳ್ಳಿ."

"ಬೆಟ್ಟದ ಮೇಲಿನ ಶ್ರೀಮಂತರ ಹುಡುಗ, ಬಯಲುಸೀಮೇಲಿ ಬಾಳ್ವೆ ಮಾಡ್ತಾನಾ? ಮನೆ ಅಳಿಯ ಅಂತ ಮೊದಲೇ ಹೇಳಿದೀರೋ ಇಲ್ವೋ?"

ಮೇಷ್ಟ್ರ ಹೆಂಡತಿಯ ಪ್ರಶ್ನೆ ಇನ್ನೂ ಕಠಿಣವಾಗಿತ್ತು. "ಆ ಡಬ್ಬೀಲಿ ನಾಳೆಯಿಂದ ಪಲ್ಯ ಹಾಕೋದು ಹ್ಯಾಗ್ರೀ?"

ನೇರಳೆಯ ಬೇರಿನ ಮೇಲೆ, ಹೆಣ್ಣಿನ ಮೆತ್ತೆಗಿಂತ ಕೊಂಚ ಎತ್ತರಕ್ಕೆ, ನೀರು ಇಳಿಯುವ ಜಾಡು ನೋಡಿ ಗಂಡನ್ನು ಕೂರಿಸಿದರು. ಮೊದಲ ದೊಡ್ಡ ಮಳೆ ಬಂದ ದಿನ ಶಾಲೆ ಬಿಟ್ಟದ್ದೇ ನನ್ನನ್ನು ಎಳೆದುಕೊಂಡು ಓಡಿದರು. ನಾನು ಲೋಕರೂಢಿಯಂತೆ ಛತ್ರಿ ಬಿಚ್ಚಿ ಅವರ ತಲೆಯ ಮೇಲೆ ಹಿಡಿದೆ.

"ಮಡಚ್ರೀ ಛತ್ರೀನ! ಹನಿ ಬೀಳ್ಬೇಕಾದ ಜಾಗ ಅದು. ಮದುವೆಗೆ ಬಂದು ಧಾರೆ ನೀರಿಗೇ ಅಡ್ಡ ನಿಲ್ತೀರಲ್ಲ!"

ಹಾಗೆ ನಾವಿಬ್ಬರೂ ತೊಯ್ದು ತೊಪ್ಪೆಯಾಗಿ ಆ ವಿವಾಹಕ್ಕೆ ಸಾಕ್ಷಿಯಾದೆವು. ನನಗೆ ಕಂಡದ್ದು ನೀರು ಮತ್ತು ಕೆಸರು. ಮೇಷ್ಟ್ರಿಗೆ ಏನೇನು ಕಂಡಿತೋ, ಬರುವಾಗ ದಾರಿಯುದ್ದಕ್ಕೂ ಶಿಳ್ಳೆ ಹಾಕುತ್ತಿದ್ದರು.

ಅದಾದ ಕೆಲವೇ ದಿನಕ್ಕೆ ತೋಪಿನ ಮರಗಳ ಮೇಲೆ ಟಾರಿನ ಗುರುತು ಕಾಣಿಸಿತು. ಪೆಟ್ರೋಲು ಯುದ್ಧಕ್ಕೆ ಹೋದ ಮೇಲೆ ನಮ್ಮ ಬಸ್ಸುಗಳೆಲ್ಲ ಇದ್ದಿಲಿನ ಮೇಲೆ ಓಡುತ್ತಿದ್ದವು. ಬಸ್ಸಿನ ಬೆನ್ನಿಗೆ ಒಂದು ಒಲೆ, ಒಲೆಗೆ ಒಬ್ಬ ಕ್ಲೀನರು. ಏರು ಬಂದಾಗ ಪ್ರಯಾಣಿಕರು ಇಳಿದು ನೂಕುವುದು, ಬೆಂಗಳೂರು ಮುಟ್ಟುವಾಗ ಎಲ್ಲರೂ ಒಂದೇ ಬಣ್ಣಕ್ಕೆ ಬರುವುದು. ಆ ಒಲೆಗಳಿಗೆ ತೋಪಿನ ಮರ ಗುತ್ತಿಗೆಯಾಗಿತ್ತು. ಆಚೆ ಅಂಚಿನಿಂದ ಕೊಡಲಿಯ ಸದ್ದು ಶುರುವಾದ ದಿನ ಮೇಷ್ಟ್ರು ಪಾಠ ಮಾಡಲಾರದೆ ಕಿಟಕಿಯ ಸರಳು ಹಿಡಿದು ನಿಂತಿದ್ದರು. ನೆರಳು ಹೋದರೆ ಹಸುರಿಲ್ಲ. ಹಸುರು ಹೋದರೆ ಕಾಯಿಲ್ಲ, ಕಾಯಿಲ್ಲದಿದ್ದರೆ ಬೆಂಗಳೂರೂ ಇಲ್ಲ.

ಸಂಜೆ ಇಬ್ಬರೂ ಗುತ್ತಿಗೆದಾರರ ಮನೆಗೆ ಹೋದೆವು. ಊರಿನವರೇ, ಇದ್ದಿಲು ಸಾಹೇಬರು ಎಂದೇ ಎಲ್ಲರೂ ಕರೆಯುತ್ತಿದ್ದ ದೊಡ್ಡ ಮನುಷ್ಯರು. "ಆಯಿಯೇ ಮೇಷ್ಟ್ರೇ, ಕೂತ್ಕೊಳ್ಳಿ, ಚಾ ತರಿಸ್ತೀನಿ" ಎಂದರು. ನಾನು ಕೂತೆ. ಮೇಷ್ಟ್ರು ನಿಂತೇ ಗಂಡು, ಹೆಣ್ಣು, ಮಳೆಹನಿ, ಪ್ರೊಫೆಸರು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಸಾಹೇಬರು ನಗಲಿಲ್ಲ. ಚಹಾ ಆರುವವರೆಗೆ ಯೋಚನೆ ಮಾಡಿದರು.

"ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನೀವು ಆ ಪ್ರೊಫೆಸರ್ ಸಾಬ್‌ನ ನೋಡೋಕೆ ಹ್ಯಾಗೆ ಹೋದ್ರಿ?"

"ಬಸ್ಸಲ್ಲಿ."

"ಬಸ್ಸು ಹ್ಯಾಗೆ ಹೋಯ್ತು?"

ಮೇಷ್ಟ್ರು ಆರಿದ ಚಹಾ ಎತ್ತಿಕೊಂಡರು.

"ಆಧಾ ಹುಣಿಸೆ ಕೊಂಬೆ ತಿಂದು ಹೋಯ್ತು ಹುಜೂರ್. ನಾನು ಬಿಟ್ರೆ ಇನ್ನೊಬ್ಬ ಕಡೀತಾನೆ. ದೇವ್ರ ಮರ ಆಗಿದ್ರೆ ಮಾತು ಬೇರೆ. ನಾನು ಹೇಳಿದ್ರೂ ನನ್ನ ಆಳುಗಳು ಕೊಡಲಿ ಎತ್ತಲ್ಲ. ಆದ್ರೆ ನಿಮ್ಮ ನೇರಳೆಗೆ ಅರಿಶಿನ ಇದ್ಯಾ? ಕುಂಕುಮ ಇದ್ಯಾ? ಖಾಲಿ ಮರ!"

ಮನೆ ಸೇರುವವರೆಗೂ ಮೇಷ್ಟ್ರು "ಖಾಲಿ ಮರ, ಖಾಲಿ ಮರ" ಎಂದು ಗೊಣಗುತ್ತಿದ್ದರು. ಮೇಷ್ಟ್ರು ಎಂಥವರೆಂಬುದನ್ನು ಓದುಗರು ಮನಸ್ಸಿಗೆ ತಂದುಕೊಳ್ಳಬೇಕು. "ಕಲ್ಲಿಗೆ ಕುಂಕುಮ ಬಳಿದರೆ ಕಲ್ಲು ಕೆಂಪಗಾಗುತ್ತೆ, ಅಷ್ಟೆ" ಎಂದು ವರ್ಷಾವರ್ಷ ಮಕ್ಕಳಿಗೆ ಬೋಧಿಸಿ, ಅದಕ್ಕಾಗಿ ಊರ ಹಿರಿಯರಿಂದ ಬೈಸಿಕೊಂಡ ವಿಚಾರವಾದಿ. ಅಂಥವರು ಮಾರನೆಯ ಬೆಳಿಗ್ಗೆ ಪಂಡಿತರನ್ನು ಪಕ್ಕಕ್ಕೆ ಕರೆದು, ನೇರಳೆ ಮರಕ್ಕೆ ಶಾಸ್ತ್ರದಲ್ಲಿ ಏನಾದರೂ ಆಧಾರವಿದೆಯೇ ಎಂದು ಕೇಳಿದರು.

ಪಂಡಿತರಿಗೆ ಅಷ್ಟು ಸುಖ ಆ ವರ್ಷದಲ್ಲಿ ಇನ್ನೊಂದಾಗಿರಲಿಲ್ಲ. "ನಾವಿರೋ ವಿಳಾಸವೇ ಜಂಬೂದ್ವೀಪ ಕಣ್ರೀ! ದಿನಾ ಸಂಕಲ್ಪದಲ್ಲಿ ಹೇಳ್ತೀವಲ್ಲ. ಜಂಬೂ ಅಂದ್ರೆ ನೇರಳೆ ತಾನೆ? ನಿಮ್ಮದು ಇಡೀ ದ್ವೀಪದ ಮರ. ಧೈರ್ಯವಾಗಿ ಪೂಜೆ ಮಾಡಿಸಿ."

ಪೂಜೆ ಮಾಡಬೇಕಾದವರು ಹೆಂಡತಿ. ಮೇಷ್ಟ್ರು ವಿಷಯ ತಿಳಿಸಿ, "ಸುಮ್ನೆ ತೋರಿಕೆಗೆ ಒಂದಿಷ್ಟು ಹಚ್ಚಿಬಿಟ್ಟು ಬಾರೇ" ಎಂದರು.

"ತೋರಿಕೆಗೆ ಪೂಜೆ ಮಾಡೋದು ನಂಗೆ ಬರಲ್ಲಪ್ಪ. ಮಾಡಿದ್ರೆ ಸರಿಯಾಗೇ ಮಾಡೋಳು ನಾನು."

ಸರಿಯಾಗಿಯೇ ಮಾಡಿದರು. ತಲೆಗೆ ಸ್ನಾನ ಮಾಡಿ, ತಟ್ಟೆ ಹಿಡಿದು ನಡೆದು ಬಂದು, ಹಸುರಿಲ್ಲದ ಮಗ್ಗುಲಿಗೆ ಮೂರು ಕಲ್ಲಿಟ್ಟು, ಕಾಂಡಕ್ಕೆ ದಾರ ಸುತ್ತಿ, ಅರಿಶಿನ ಕುಂಕುಮ ಏರಿಸಿ, ಕಾಯಿ ಒಡೆದರು. ಆಮೇಲೆ ಗಂಡನತ್ತ ತಿರುಗಿ, "ಯಜಮಾನರು ಅಡ್ಡಬೀಳದೆ ಪೂರ್ತಿ ಆಗಲ್ಲ" ಎಂದರು. ವಿಚಾರವಾದಿಗಳು ಅಡ್ಡಬಿದ್ದರು. ಬಿದ್ದವರು ಎಷ್ಟು ಹೊತ್ತಾದರೂ ಏಳಲಿಲ್ಲ. ಆಕೆಗೆ ಕಣ್ಣಲ್ಲಿ ನೀರು ಬಂತು. ನಾನು ಪಕ್ಕದಿಂದ ಬಗ್ಗಿ ನೋಡಿದರೆ, ಮುಖ ಹಸುರಿನ ಮಗ್ಗುಲಿಗೆ ತೆವಳಿತ್ತು, ಭೂತಗನ್ನಡಿ ಹೊರಗೆ ಬಂದಿತ್ತು.

ಆಳುಗಳು ಆ ಮರದ ಹತ್ತಿರ ಬಂದು ಕೊಡಲಿ ಇಳಿಸಿ ಕೈಮುಗಿದರು. ಸಾಹೇಬರು ತಾವೇ ಬಂದು ನೋಡಿ, ಗಡ್ಡದೊಳಗೆ ನಗುತ್ತ, "ಮಾಶಾಲ್ಲಾ! ಎಷ್ಟು ಬೇಗ ಬೆಳೆದ್ಬಿಟ್ರು ನಿಮ್ಮ ದೇವ್ರು" ಎಂದರು. ಅಕ್ಕಪಕ್ಕದ ಹೊಂಗೆಗಳನ್ನೂ ಬಿಡಿಸಿದರು. "ದೇವ್ರಿಗೆ ನೆರಳು ಬೇಡ್ವಾ?" ಉಳಿದ ತೋಪು ಹೋಯಿತು. ಇದ್ದಿಲು ಸುಡುವ ಗುಪ್ಪೆಗಳ ಹೊಗೆ ಎಷ್ಟೋ ದಿನ ದಾರಿಯ ಮೇಲೆ ನಿಂತಿತ್ತು...

ಗೌರಿ ಹಬ್ಬ ಕಳೆದ ಮೇಲೆ ಒಂದು ದಿನ, ನಾನು ಪೈಥಾಗೊರಸನ ನಡುಮಧ್ಯದಲ್ಲಿದ್ದಾಗ, ಮೇಷ್ಟ್ರು ಕ್ಲಾಸಿನ ಬಾಗಿಲಲ್ಲಿ ನಿಂತು ಕೈ ಬೀಸಿದರು. ಗಂಟೆ ಬಾರಿಸಿದ್ದೇ ಅವರ ಸೈಕಲ್ಲಿನ ಹಿಂದೆ ಕೂತೆ. ನೇರಳೆಯ ಬುಡದಲ್ಲಿ ಮೊಣಕಾಲೂರಿ ನೋಡಿದೆ. ಹಸುರಿನ ನಡುವಿನಿಂದ ಕೆಂಪು ಕಡ್ಡಿಗಳು ಎದ್ದಿದ್ದವು, ಕೂದಲಿಗಿಂತ ಕೊಂಚ ದಪ್ಪ. ಒಂದೊಂದರ ತುದಿಯಲ್ಲೂ ಒಂದು ಹಸಿಕಾಯಿ, ಕಾಯಿಯ ಮೇಲೆ ಕೂಸಿನ ಕುಲಾವಿಯಂಥ ಮುಸುಕು. ನನ್ನಂಥ ಲೆಕ್ಕದವನಿಗೂ ಎಣಿಸುವುದು ಮರೆತುಹೋಯಿತು.

"ಒಂದೆರಡು ಕಿತ್ಕೊಂಡು ಇವತ್ತೇ ಬಸ್ಸು ಹತ್ತಿ ಮೇಷ್ಟ್ರೇ."

ಅವರು ತಲೆಯಾಡಿಸಿದರು. "ಹಸಿಕಾಯಿ ರೀ. ಹಲ್ಲು ಕೂಡಿರಲ್ಲ. ಬಲೀಲಿ. ಇಷ್ಟು ವರ್ಷ ಎಲ್ಲದಕ್ಕೂ ಅವಸರ ಮಾಡಿ ಏನು ಕಂಡೆ? ಇದೊಂದಕ್ಕೆ ಕಾಯ್ತೀನಿ."

ಕಾದರು. ಅದೇ ಆಶ್ಚರ್ಯ. ಬೆಂಗಳೂರಿಗೆ ಹೋಗಿ ಸುದ್ದಿ ಹೇಳಿ ಬಂದರು. ಪ್ರೊಫೆಸರು ಕಾರ್ತಿಕ ಮಾಸದಲ್ಲಿ ಖುದ್ದಾಗಿ ಬಂದು, ಇದ್ದಲ್ಲೇ ನೋಡುತ್ತೇನೆ ಎಂದರಂತೆ. ಆ ಮೇಲೆ ಮೇಷ್ಟ್ರು ಸ್ಟಾಫ್ ರೂಮಿನ ಆ ಹೊಸ ಕುರ್ಚಿಯಲ್ಲಿ 'ಕರ್ರ್' ಎಂದು ಸದ್ದು ಮಾಡಿಸುತ್ತ ಕೂತರು. ಕಾಲು ಮಾತ್ರ ಮೇಜಿನ ಕೆಳಗೆ ಕುಣಿಯುತ್ತಲೇ ಇತ್ತು, ಮಸಿಕುಡಿಕೆ ಅದುರುತ್ತಿತ್ತು. ದಿನಾ ಸಂಜೆ ತೋಪಿಗೆ ಹೋಗಿ ಬಂದು "ಇನ್ನೂ ಹಸುರು" ಎನ್ನುತ್ತಿದ್ದರು. ಒಂದು ದಿನ "ತುದಿ ಕಂದು ತಿರುಗ್ತಿದೆ" ಎಂದರು. ಆ ದಿನ ಅನ್ನಕ್ಕೆ ಸಾರನ್ನೂ ಹಾಕಿಸಿಕೊಂಡರಂತೆ.

ಈ ನಡುವೆ ದೇವರು ಸುಮ್ಮನೆ ಕೂತಿರಲಿಲ್ಲ. ಇಡೀ ತೋಪು ಹೋಗಿ ನೇರಳೆಯೂ ಅದರ ಪಕ್ಕದ ಹೊಂಗೆಗಳೂ ಮಾತ್ರ ಉಳಿದರೆ ಜನ ಏನೆಂದುಕೊಳ್ಳಬೇಕು? ಕೊಡಲಿ ಎತ್ತಿದವನ ಕೈ ಎತ್ತಿದ ಹಾಗೇ ನಿಂತಿತಂತೆ ಎಂದು ಆಳುಗಳೇ ಹೇಳಿದರು. ಪಕ್ಕದ ಹಳ್ಳಿಯ ಒಬ್ಬ ಅಜ್ಜಿಯ ಕಳೆದುಹೋಗಿದ್ದ ಎಮ್ಮೆ ಆ ಮರದ ಕೆಳಗೇ ಸಿಕ್ಕಿತು. ಅಲ್ಲಿಂದ ಅದು ನೇರಳೆಮರದಮ್ಮ. ಅಜ್ಜಿಯೇ ಮುಂದೆ ನಿಂತ ಭಕ್ತೆ. ಶುಕ್ರವಾರ ಶುಕ್ರವಾರ ತೂಬಗೆರೆಯಿಂದಲೂ ಹೆಂಗಸರು ಬರತೊಡಗಿದರು. ಮೇಷ್ಟ್ರು ಬಡಗಣ ಮಗ್ಗುಲಿಗೆ ಮುಳ್ಳು ಕಡಿದು ಹಾಕಿದರು. ಯಾಕೆ ಎಂದು ಅಜ್ಜಿ ಕೇಳಿದಳು. ಪಾಚಿಯ ಸಂಸಾರವನ್ನು ಆಕೆಗೆ ವಿವರಿಸುವ ಪುರಸೊತ್ತು ಯಾರಿಗಿದೆ? ಮೇಷ್ಟ್ರು ಥಟ್ಟನೆ, "ಆ ಕಡೆ ಮುಟ್ಟಿದ್ರೆ ಅಮ್ಮನಿಗೆ ಆಗಲ್ಲ ಅಜ್ಜಿ, ಮೈಲಿಗೆ" ಎಂದುಬಿಟ್ಟರು. ಅಜ್ಜಿ ಕೆನ್ನೆ ಬಡಿದುಕೊಂಡು ಒಪ್ಪಿದಳು. ಯಾರೂ ಮುಟ್ಟಲಿಲ್ಲ. ವಿಜ್ಞಾನವು ಧರ್ಮದ ಬಾಯಲ್ಲಿ ಮಾತಾಡಿ ಗೆದ್ದಿತು ಎಂದು ನಾವಿಬ್ಬರೂ ಬೀಗಿದೆವು.

ಕಾರ್ತಿಕದ ಒಂದು ಭಾನುವಾರ ಪ್ರೊಫೆಸರು ಇದ್ದಿಲು ಬಸ್ಸಿನಿಂದ ಮಸಿ ಒರೆಸಿಕೊಳ್ಳುತ್ತ ಇಳಿದರು. ಸಣ್ಣ ಆಳು, ಮೃದು ಮಾತಿನವರು. ಮೇಷ್ಟ್ರು ನಮ್ಮಿಬ್ಬರಿಗಿಂತ ಮುಂದೆ, ಅರ್ಧ ಓಡುತ್ತ, ತಿರುಗಿ ತಿರುಗಿ "ಬಂತು ಸಾರ್, ಇನ್ನೇನು ಬಂತು" ಎನ್ನುತ್ತ ನಡೆದರು. ನೇರಳೆ ಕಣ್ಣಿಗೆ ಬಿದ್ದ ಕಡೆ ಅವರ ಕಾಲು ನಿಂತುಬಿಟ್ಟಿತು.

ಮರದ ಬುಡ ಸೊಂಟದೆತ್ತರದವರೆಗೆ ಬೆಳ್ಳಗೆ ಹೊಳೆಯುತ್ತಿತ್ತು. ಸುಣ್ಣದ ಮೇಲೆ ಕೆಮ್ಮಣ್ಣಿನ ಪಟ್ಟೆ, ಒಂದು ಬಿಟ್ಟು ಒಂದು, ಬಲು ಅಚ್ಚುಕಟ್ಟು. ಬೇರುಗಳೆಲ್ಲ ಉಜ್ಜಿದ ಪಾತ್ರೆಯ ಹಾಗಿದ್ದವು. ಮುಳ್ಳು ಒಂದು ಬದಿಗೆ ಒಟ್ಟಾಗಿತ್ತು. ಅಜ್ಜಿ ಹಣತೆಗಳನ್ನು ಸಾಲಾಗಿ ಜೋಡಿಸುತ್ತಿದ್ದಳು.

"ಬಂದ್ರಾ ಮೇಷ್ಟ್ರೇ! ನಾಳೆ ಕಾರ್ತಿಕದ ಸೋಮವಾರ ಅಲ್ವಾ, ದೀಪ ಹಚ್ಚಬೇಕು ಅಂತ ನಿನ್ನೆ ನಾವು ಹೆಂಗಸ್ರೆಲ್ಲ ಸೇರಿ ತೊಳೆದ್ವಿ. ನೀವು ಹೆದರ್ಬೇಡಿ, ಮೈಲಿಗೆ ಮಾಡಿಲ್ಲ. ಒಪ್ಪತ್ತಿದ್ದು, ತಲೆ ಮೇಲೆ ನೀರು ಹುಯ್ಕೊಂಡು, ಒದ್ದೆ ಸೀರೇಲೇ ಬಂದ್ವಿ. ಆ ಕಡೇನೂ ಮಡೀಲೇ ಮುಟ್ಟಿದ್ವಿ."

ಅಲ್ಲಿ ನಮಗೆ ತಿಳಿಯಿತು. ಮುಟ್ಟಬಾರದು ಎಂದರೆ ಮಡಿಯಿಲ್ಲದೆ ಮುಟ್ಟಬಾರದು ಎಂದಷ್ಟೇ ಅರ್ಥ. ಇದು ಈ ನೆಲದಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಮೇಷ್ಟ್ರಿಗೂ ಗೊತ್ತಿರಬೇಕಾಗಿತ್ತು.

"ಪಾಚಿ ಅಂದ್ರೆ ಪಾಚಿ ಸ್ವಾಮಿ!" ಅಜ್ಜಿ ಹೊಸಬರ ಕಡೆ ತಿರುಗಿದಳು. "ಅಮ್ಮನ ಮೈಗೆ ಹಂಗೆ ಬಿಡೋಕಾಗ್ತದಾ? ಕೂದ್ಲು ಬೇರೆ ಬಂದ್ಬಿಟ್ಟಿತ್ತು ಅದ್ಕೆ."

ಪ್ರೊಫೆಸರು ಥಟ್ಟನೆ ಬಗ್ಗಿದರು. "ಕೂದಲಾ? ಎಂಥ ಕೂದಲಮ್ಮ?"

"ಕೆಂಪನೆ ಕೂದ್ಲು. ತುದೀಲಿ ಗಂಟು ಗಂಟು. ತೆಂಗಿನ ನಾರು ತಗೊಂಡು ಉಜ್ಜಿ ಉಜ್ಜಿ ತೆಗೆದ್ವಿ."

"ಎಲ್ಲಿ ಹಾಕಿದ್ರಿ ಅದನ್ನ?"

"ದೇವ್ರ ಕಸ ತುಳೀಬಾರ್ದಲ್ವಾ ಸ್ವಾಮಿ? ಕೆರೇಗೆ ಬಿಟ್ವಿ."

ಗಂಡನ್ನೂ ಹೆಣ್ಣನ್ನೂ ಮಕ್ಕಳನ್ನೂ ಹೀಗೆ ಸಕಲ ಮರ್ಯಾದೆಗಳೊಡನೆ ಕೆರೆಗೆ ಕಳಿಸಲಾಗಿತ್ತು. ಮೇಷ್ಟ್ರು ಸಿಡಿಯುತ್ತಾರೆ ಎಂದು ನಾನು ಹೆದರಿದ್ದೆ. ಆದರೆ ಅವರು ಯಾರನ್ನು ಏನೆನ್ನಬೇಕು? ದೇವರು ಅವರದೇ, ಮೈಲಿಗೆಯ ಮಾತೂ ಅವರದೇ. ಸುಣ್ಣದ ಮೇಲೆ ಒಂದು ಬೆರಳಿಟ್ಟು, ಬಿಳುಪು ಹತ್ತಿದ ಬೆರಳನ್ನು ನೋಡುತ್ತ ನಿಂತರು.

"ಸಾರ್, ಕಟ್ಟಿತ್ತು" ಎಂದು ನಾನೇ ಹೇಳಿದೆ. "ನಾನೂ ಕಣ್ಣಾರೆ ನೋಡಿದೀನಿ."

ಪ್ರೊಫೆಸರು ಒಳ್ಳೆಯವರು. ಮೇಷ್ಟ್ರ ಭುಜದ ಮೇಲೆ ಕೈಯಿಟ್ಟರು. "ನಂಬ್ತೀನಪ್ಪ. ಈ ಅಮ್ಮ ಹೇಳಿದ ಮೇಲೆ ಇನ್ನೂ ನಂಬ್ತೀನಿ. ಆದ್ರೆ ನನ್ನ ನಂಬಿಕೇನ ಹಾಳೆಗೆ ಅಂಟಿಸಿ ಬೀರುವಿನಲ್ಲಿ ಇಡೋಕಾಗಲ್ವಲ್ಲ."

ಅಜ್ಜಿಗೆ ಇದೊಂದೂ ತಿಳಿಯಲಿಲ್ಲ. "ಮೇಷ್ಟ್ರೇ, ನಿಮ್ಮಿಂದಾನೇ ಅಮ್ಮ ಉಳಿದಿದ್ದು. ನಾಳೆ ಮೊದಲ ದೀಪ ನೀವೇ ಹಚ್ಚಬೇಕು."

"ಆಯ್ತಜ್ಜಿ. ಬರ್ತೀನಿ."

ಹೋದರು ಕೂಡ. ಹೆಂಡತಿಯ ಜೊತೆ ಹೋಗಿ ಹಚ್ಚಿ ಬಂದರು. ಮರುದಿನದಿಂದ ಕುರ್ಚಿ ಮತ್ತೆ ಖಾಲಿಯಾಯಿತು. ಬೇರಿಗೆ ಸುಣ್ಣ ಹತ್ತಿದ ಮೇಲೆ ಆ ಹಸುರು ಅಲ್ಲಿ ಹುಟ್ಟಲೇ ಇಲ್ಲ. ಮೇಷ್ಟ್ರು ಆ ದಾರಿ ಹಿಡಿಯುವುದನ್ನೇ ಬಿಟ್ಟರು. ಮರುವರ್ಷ ತಾವೇ ಕೇಳಿಕೊಂಡು ಚಿಕ್ಕಮಗಳೂರಿನ ಕಡೆಗೆ ವರ್ಗ ಮಾಡಿಸಿಕೊಂಡರು. ಸ್ಟೇಷನ್ನಿನಲ್ಲಿ ಹೆಂಡತಿ ಅಳುತ್ತ ವಠಾರದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ತಬ್ಬಿಕೊಂಡರು. ಮೇಷ್ಟ್ರು ಗಾಡಿಯ ಬಾಗಿಲಲ್ಲಿ ನಿಂತೇ ಇದ್ದರು. ಗಾಡಿ ಕಣ್ಮರೆಯಾಗುವವರೆಗೂ ಕೂತದ್ದು ಕಾಣಲಿಲ್ಲ...

ಆಮೇಲೆ ಅವರ ಮುಖ ನಾನು ನೋಡಲಿಲ್ಲ. ಊರಿಂದೂರಿಗೆ ವರ್ಗವಾಗುತ್ತಿದ್ದರು ಎಂದು ಅವರಿವರಿಂದ ಕೇಳಿದ್ದೆ. ಅವರ ಹೆಂಡತಿ ಮಾತ್ರ ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಮದುವೆಯಲ್ಲಿ ಸಿಕ್ಕರು. ಹಣೆ ಬರಿದಾಗಿತ್ತು. ಕೇಳುವ ಅಗತ್ಯವಿರಲಿಲ್ಲ. ಊಟದ ಪಂಕ್ತಿ ತಡವಾದ್ದರಿಂದ ಇಬ್ಬರೂ ಒಂದು ಮೂಲೆಯಲ್ಲಿ ಕೂತೆವು.

"ಮಡಿಕೇರೀಲಿ ಇದ್ವಿ ಒಂದಷ್ಟು ವರ್ಷ. ಅಲ್ಲಿ ದಾರಿ ಪಕ್ಕದ ದಿಬ್ಬದ ತುಂಬ ಅದೇ ಪಾಚಿ ಕಣಪ್ಪ. ಮೈತುಂಬ ಕೆಂಪು ಕೂದ್ಲು, ಕಾಯಿ. ಕೇಳೋರೇ ಇಲ್ಲ."

"ಕಿತ್ಕೊಂಡ್ರಾ?"

"ಒಂದೂ ಕೀಳ್ಲಿಲ್ಲ. ಬೇಕಾದಷ್ಟು ಇದೆಯಲ್ರೀ, ತಗೊಳ್ಳಿ ಅಂದೆ. 'ಇವು ಇಲ್ಲಿಯವು ಕಣೆ. ನಮ್ಮದು ತೂಬಗೆರೆ ದಾರೀದು' ಅಂದ್ರು. ಅಂದ್ಬಿಟ್ಟು ಅಲ್ಲೇ ಆ ದಿಬ್ಬದ ಮೇಲೆ ಕೂತ್ಕೊಂಡ್ರು. ಎಷ್ಟು ಹೊತ್ತು ಅಂತೀಯ... ಏಳಿ, ಮಂಜು ಬೀಳ್ತಿದೆ ಅಂದ್ರೂ ಏಳ್ಲಿಲ್ಲ."

ಪಂಕ್ತಿಗೆ ಕರೆದರು. ಆಕೆ ಸೆರಗು ಸರಿಮಾಡಿಕೊಂಡು ಎದ್ದರು. ತೋಪಿನ ಆ ಕಾಯಿಯನ್ನು ನಾನೂ ಮರೆತಿಲ್ಲ ಎಂದು ಹೇಳಬೇಕೆಂದುಕೊಂಡದ್ದು ಹಾಗೇ ಉಳಿಯಿತು. ಈಚೆಗೆ ಅವರೂ ಹೋದರೆಂದು ಸುದ್ದಿ ಬಂತು.

ಪ್ರೊಫೆಸರು ತೀರಿಕೊಂಡು ಎಷ್ಟೋ ಕಾಲವಾಯಿತು. ಅಜ್ಜಿ ಮತ್ತವಳ ಜೊತೆಯವರು ಕಂಡದ್ದು ಕೊಳೆ. ಅದನ್ನು ಕಾಯಿಯೆಂದು ತಿಳಿದು ನೋಡಿದವರು ನಾವಿಬ್ಬರೇ, ಅದರಲ್ಲಿ ಒಬ್ಬರು ಈಗಿಲ್ಲ. ಯಾವ ಹಾಳೆಯ ಮೇಲೂ ಅದು ಅಂಟಿಕೊಂಡಿಲ್ಲ, ಯಾವ ಬೀರುವಿನಲ್ಲೂ ಇಲ್ಲ. ನನ್ನ ಸಾಕ್ಷಿ ಬೇಕೆಂದು ಈಗ ಯಾರೂ ಕೇಳಿಲ್ಲ ಕೂಡ. ಆದರೂ ನಾನು ಹೋಗುವ ಮೊದಲು ಹೇಳಿಬಿಡುವುದು ವಾಸಿ. ತೂಬಗೆರೆ ದಾರಿಯ ತೋಪಿನಲ್ಲಿ, ಆ ಒಂದು ವರ್ಷ, ಅದು ಕಾಯಿ ಕಟ್ಟಿತ್ತು. ನಾನು ನೋಡಿದ್ದೇನೆ.